ಬೂಟ್ ಡಿಸ್ಕ್ ಸತ್ತ ದಿನಕ್ಕೆ ಯಾವ ಸಾಫ್ಟ್‌ವೇರ್?

ಪ್ರಶ್ನೆ: ಮುಂಬಯಿ ಬಳಿಯ ಡೊಂಬಿವಲಿ ಪೂರ್ವದಲ್ಲಿ ನನ್ನದೊಂದು ಸಣ್ಣ ತೆರಿಗೆ ಸಲಹಾ ಕಚೇರಿ ಇದೆ, ನೆಲಮಹಡಿಯ ಗಾಳಾ (ಅಂಗಡಿ ಕೋಣೆ). ಮನೆ ಠಾಕುರ್ಲಿಯಲ್ಲಿ. ಗ್ರಾಹಕರಲ್ಲಿ ಹೆಚ್ಚಿನವರು ನಮ್ಮ ಊರ ಕಡೆಯ ಹೋಟೆಲಿನವರೇ. ಕಳೆದ ಮಳೆಗಾಲದಲ್ಲಿ, ಜಿಎಸ್‌ಟಿ ಸಲ್ಲಿಕೆಯ ಗಡುವಿಗೆ ಮುನ್ನಾದಿನ, ಕಂಪ್ಯೂಟರಿನೊಳಗಿನ ಡಿಸ್ಕ್, ಎಸ್‌ಎಸ್‌ಡಿ, ಇದ್ದಕ್ಕಿದ್ದಂತೆ ಸತ್ತಿತು. ಲೆಕ್ಕಪತ್ರದ ತಂತ್ರಾಂಶವಾದ ಟ್ಯಾಲಿಯ ಡೇಟಾ ಪೆನ್‌ಡ್ರೈವಿನಲ್ಲಿ ಉಳಿದಿತ್ತು. ಆದರೂ ವಿಂಡೋಸ್, ಟ್ಯಾಲಿ, ಡಿಜಿಟಲ್ ಸಹಿಯ ಟೋಕನ್ನಿನ ಡ್ರೈವರ್, ಪ್ರಿಂಟರ್, ನುಡಿ ಕೀಲಿಮಣೆ, ಎಕ್ಸೆಲ್ ಮ್ಯಾಕ್ರೋಗಳು, ಎಲ್ಲವನ್ನೂ ಮೊದಲಿನಂತೆ ಕೂರಿಸಲು ಒಂದು ವಾರ ಹಿಡಿಯಿತು. ಈಗ ಇಡೀ ಡಿಸ್ಕಿನ ಬ್ಯಾಕಪ್ ಇಟ್ಟುಕೊಳ್ಳಬೇಕೆಂದಿದ್ದೇನೆ. ಒಬ್ಬರು ಮ್ಯಾಕ್ರಿಯಮ್ ಎನ್ನುತ್ತಾರೆ, ಇನ್ನೊಬ್ಬರು ಕ್ಲೋನ್‌ಜಿಲ್ಲಾ ಎನ್ನುತ್ತಾರೆ. ವಿಂಡೋಸ್‌ನಲ್ಲೇ ಇರುವಾಗ ಬೇರೆಯದು ಯಾಕೆ ಎಂದು ಮಗಳು ಕೇಳುತ್ತಾಳೆ. ನನ್ನದು ವಿಂಡೋಸ್ 11ರ ಲ್ಯಾಪ್‌ಟಾಪ್, 512 ಜಿಬಿ ಎನ್‌ವಿಎಂಇ ಎಸ್‌ಎಸ್‌ಡಿ, ಅದರಲ್ಲಿ 180 ಜಿಬಿಯಷ್ಟು ತುಂಬಿದೆ. ಸಹಾಯಕನ ಬಳಿ ವಿಂಡೋಸ್ 10ರ ಹಳೆಯ ಡೆಸ್ಕ್‌ಟಾಪ್ ಒಂದಿದೆ. ಯಾವ ಸಾಫ್ಟ್‌ವೇರ್ ಒಳ್ಳೆಯದು? ಉಚಿತದ್ದು ಸಾಕೇ?

ಉತ್ತರ: ಉಚಿತದ್ದು ಸಾಕು. ನಿಮ್ಮ ಲ್ಯಾಪ್‌ಟಾಪಿಗೆ ನಾನು ಮೊದಲು ಹೇಳುವ ಹೆಸರು ವೀಮ್ ಏಜೆಂಟ್, ಅದರ ಉಚಿತ ಆವೃತ್ತಿ. ಅದರ ಪರದೆಗಳು ಗೋಜಲು ಎನಿಸಿದರೆ ಹ್ಯಾಸ್ಲಿಯೋ ಬ್ಯಾಕಪ್ ಸೂಟ್. ವರ್ಷಕ್ಕಿಷ್ಟು ಎಂದು ಹಣ ಕಟ್ಟಲು ಅಡ್ಡಿಯಿಲ್ಲದಿದ್ದರೆ ಮ್ಯಾಕ್ರಿಯಮ್ ರಿಫ್ಲೆಕ್ಟ್. ಕ್ಲೋನ್‌ಜಿಲ್ಲಾ ಒಳ್ಳೆಯದೇ, ಆದರೆ ದಿನನಿತ್ಯದ ಬ್ಯಾಕಪ್‌ಗೆ ಅದು ಹೇಳಿಮಾಡಿಸಿದ್ದಲ್ಲ.

ಹೆಸರುಗಳನ್ನು ಬರೆದುಕೊಂಡು ಇಲ್ಲಿಗೇ ಓದು ನಿಲ್ಲಿಸಬೇಡಿ. ಬ್ಯಾಕಪ್ ತೆಗೆಯುವ ಕೆಲಸದಲ್ಲಿ ಈ ತಂತ್ರಾಂಶಗಳೆಲ್ಲ ಹೆಚ್ಚುಕಡಿಮೆ ಒಂದೇ. ವಿಂಡೋಸ್ ಓಡುತ್ತಿರುವಾಗಲೇ ಡಿಸ್ಕಿನ ಒಂದು ಕ್ಷಣದ ಸ್ಥಿತಿಯನ್ನು ಹಿಡಿದುಕೊಡುವ ವಾಲ್ಯೂಮ್ ಶ್ಯಾಡೋ ಕಾಪಿ ಎಂಬ ಸೇವೆ ವಿಂಡೋಸ್‌ನದ್ದೇ. ಕ್ಲೋನ್‌ಜಿಲ್ಲಾ ಒಂದನ್ನು ಬಿಟ್ಟು ಇವರೆಲ್ಲ ಅದನ್ನೇ ಬಳಸಿ, ತುಂಬಿರುವ ಜಾಗವನ್ನಷ್ಟೇ ಓದಿ, ಒತ್ತಿ ಚಿಕ್ಕದು ಮಾಡಿ ಒಂದು ಕಡತವಾಗಿಸುತ್ತಾರೆ. ಜಾಹೀರಾತುಗಳು ಹೊಗಳುವುದೂ ಈ ಭಾಗವನ್ನೇ. ಯಾವುದು ಗಟ್ಟಿ, ಯಾವುದು ಜೊಳ್ಳು ಎಂದು ಗೊತ್ತಾಗುವುದು ಡಿಸ್ಕ್ ಸತ್ತು ವಿಂಡೋಸ್ ತೆರೆಯದೇ ಹೋದ ದಿನ. ಆ ದಿನ ನಿಮ್ಮ ಕೈಯಲ್ಲಿರುವುದು ಆ ತಂತ್ರಾಂಶ ಮಾಡಿಕೊಟ್ಟ, ವಿಂಡೋಸ್ ಇಲ್ಲದೆಯೂ ಯಂತ್ರವನ್ನು ತೆರೆಯುವ ರೆಸ್ಕ್ಯೂ ಪೆನ್‌ಡ್ರೈವ್ ಒಂದೇ. ಆದ್ದರಿಂದ ಆಯ್ಕೆಯೂ ಅಲ್ಲಿಂದಲೇ ಶುರುವಾಗಬೇಕು: ನಿಮ್ಮ ಯಂತ್ರದಲ್ಲಿ ಯಾವುದರ ಪೆನ್‌ಡ್ರೈವ್ ತೊಂದರೆಯಿಲ್ಲದೆ ಬೂಟ್ ಆಗಿ, ಅಂದರೆ ಯಂತ್ರವನ್ನು ಎಬ್ಬಿಸಿ, ಹೊಸ ಎಸ್‌ಎಸ್‌ಡಿಯನ್ನೂ ಬ್ಯಾಕಪ್ ಇರುವ ಹಾರ್ಡ್‌ಡಿಸ್ಕನ್ನೂ ಗುರುತಿಸಿ, ಎಲ್ಲವನ್ನೂ ಮರಳಿ ಇಳಿಸುತ್ತದೋ ಅದೇ ನಿಮ್ಮ ಸಾಫ್ಟ್‌ವೇರ್. ನಾನು ಮೇಲೆ ಹೇಳಿದ ಹೆಸರು ಆ ಪರೀಕ್ಷೆಯಲ್ಲಿ ಬಿದ್ದುಹೋದರೆ ಅದನ್ನು ಮುಲಾಜಿಲ್ಲದೆ ಬಿಡಿ.

ಮಗಳ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಅದು ನ್ಯಾಯವಾದ ಪ್ರಶ್ನೆ. ವಿಂಡೋಸ್‌ನಲ್ಲಿ ಬ್ಯಾಕಪ್ ಎಂಬ ಹೆಸರಿನ ಸಾಮಾನು ಒಂದಲ್ಲ, ಹಲವು ಇವೆ. ತೊಂದರೆ ಹುಟ್ಟುವುದೇ ಅಲ್ಲಿ. ಹೊಸ ವಿಂಡೋಸ್ ಬ್ಯಾಕಪ್ ಎಂಬ ಅಪ್ಲಿಕೇಶನ್ ನಿಮ್ಮ ಕೆಲವು ಫೋಲ್ಡರುಗಳನ್ನೂ ಸೆಟ್ಟಿಂಗುಗಳನ್ನೂ ಒನ್‌ಡ್ರೈವಿಗೆ ಕಳಿಸುತ್ತದೆ. ಟ್ಯಾಲಿಯನ್ನಾಗಲಿ ಟೋಕನ್ನಿನ ಡ್ರೈವರನ್ನಾಗಲಿ ಅದು ವಾಪಸು ಕೂರಿಸಿಕೊಡುವುದಿಲ್ಲ. ಸಿಸ್ಟಮ್ ರಿಸ್ಟೋರ್ ಎಂಬುದು ಅದೇ ಡಿಸ್ಕಿನ ಮೇಲೆ ಕೂತಿರುತ್ತದೆ, ಡಿಸ್ಕ್ ಹೋದರೆ ಅದೂ ಹೋಯಿತು. ನಿಮಗೆ ಬೇಕಾದ ಇಡೀ ಡಿಸ್ಕಿನ ಇಮೇಜ್ (ಡಿಸ್ಕಿನಲ್ಲಿರುವುದೆಲ್ಲ ಸೇರಿದ ಬ್ಯಾಕಪ್ ಕಡತ) ತೆಗೆಯುವ ಸೌಲಭ್ಯ ಕಂಟ್ರೋಲ್ ಪ್ಯಾನೆಲ್‌ನ ಮೂಲೆಯಲ್ಲಿ ವಿಂಡೋಸ್ 7ರ ಹೆಸರಿನಲ್ಲೇ ಇನ್ನೂ ಉಳಿದಿದೆ. ಆದರೆ 2017ರಲ್ಲೇ ಮೈಕ್ರೋಸಾಫ್ಟ್ ಅದರ ಅಭಿವೃದ್ಧಿಯನ್ನು ಕೈಬಿಟ್ಟು, ಬೇರೆ ಕಂಪನಿಗಳ ತಂತ್ರಾಂಶ ಬಳಸಿ ಎಂದು ತಾನೇ ಹೇಳಿಬಿಟ್ಟಿತು. ಮೂಲ ಡಿಸ್ಕಿಗಿಂತ ಚಿಕ್ಕ ಡಿಸ್ಕಿಗೆ ಇಳಿಸಲು ಅದು ಒಪ್ಪುವುದಿಲ್ಲ, ಇಳಿಸುವಾಗ ತಪ್ಪಾದರೆ ಅರ್ಥವಾಗದ ಒಂದು ಸಂಕೇತಸಂಖ್ಯೆ ತೋರಿಸಿ ಸುಮ್ಮನಾಗುತ್ತದೆ. ತಯಾರಕನೇ ಕೈಬಿಟ್ಟದ್ದನ್ನು ನಂಬಿ ಗ್ರಾಹಕರ ಲೆಕ್ಕ ಇಡಬೇಡಿ.

ಇನ್ನು ಇಡೀ ಡಿಸ್ಕ್ ಎಂದರೆ ಏನೆಂಬುದು. ನಿಮ್ಮ ಕಣ್ಣಿಗೆ ಬೀಳುವುದು ಸಿ ಡ್ರೈವ್ ಮಾತ್ರ. ಯುಇಎಫ್‌ಐ ಎಂಬ ಹೊಸ ಬಗೆಯ ಆರಂಭಿಕ ತಂತ್ರಾಂಶವಿರುವ ಈಗಿನ ಯಂತ್ರಗಳಲ್ಲಿ ಡಿಸ್ಕಿನ ಮೊದಲಿಗೆ, ಸಾಮಾನ್ಯವಾಗಿ 100 ಎಂಬಿಯ, ಫ್ಯಾಟ್32 ಮಾದರಿಯ ಇಎಫ್‌ಐ ಪಾರ್ಟಿಶನ್ (ಡಿಸ್ಕಿನ ಒಂದು ವಿಭಾಗ) ಒಂದಿರುತ್ತದೆ. ಗುಂಡಿ ಒತ್ತಿದಾಗ ಯಂತ್ರ ಮೊದಲು ಹುಡುಕುವುದು ಅದನ್ನು, ವಿಂಡೋಸನ್ನು ಎಬ್ಬಿಸುವ ಬೂಟ್ ಮ್ಯಾನೇಜರ್ ಇರುವುದು ಅಲ್ಲಿ. ಅದರ ಬಳಿಕ ಮೈಕ್ರೋಸಾಫ್ಟ್‌ಗೆ ಮೀಸಲಾದ 16 ಎಂಬಿ, ಆಮೇಲೆ ಸಿ, ಬಹಳ ಯಂತ್ರಗಳಲ್ಲಿ ಕೊನೆಗೊಂದು ದುರಸ್ತಿ ಪಾರ್ಟಿಶನ್. ಸಿ ಒಂದನ್ನೇ ಬ್ಯಾಕಪ್ ಮಾಡಿದರೆ, ಸಾಮಾನನ್ನೆಲ್ಲ ಹೊಸ ಮನೆಗೆ ಸಾಗಿಸಿ ಬಾಗಿಲಿನ ಬೀಗದ ಕೈಯನ್ನು ಮರೆತುಬಂದಂತೆ ಆಗುತ್ತದೆ: ಎಲ್ಲವೂ ಒಳಗಿದೆ, ಹೋಗಲು ದಾರಿಯಿಲ್ಲ. ಬಿಸಿಡಿಬೂಟ್ ಎಂಬ ಆದೇಶದಿಂದ ಬೂಟ್ ಕಡತಗಳನ್ನು ಹೊಸದಾಗಿ ಬರೆಯಿಸಬಹುದು, ನಿಜ. ಆದರೆ ಗಡುವಿನ ಹಿಂದಿನ ರಾತ್ರಿ ಅದನ್ನು ಕಲಿಯುವ ಅಗತ್ಯ ನಿಮಗಿಲ್ಲ. ಯಾವ ತಂತ್ರಾಂಶವಾದರೂ ಇಡೀ ಕಂಪ್ಯೂಟರ್ ಅಥವಾ ಇಡೀ ಡಿಸ್ಕ್ ಎಂಬ ಆಯ್ಕೆಯನ್ನೇ ಒತ್ತಿ.

ಇಮೇಜ್ ಬೇಕೋ ಕ್ಲೋನ್ ಬೇಕೋ ಎಂಬ ಗೊಂದಲವೂ ನಿಮಗೆ ಎದುರಾಗುತ್ತದೆ. ಕ್ಲೋನ್ ಎಂದರೆ ಡಿಸ್ಕಿಗೆ ಡಿಸ್ಕ್, ತಕ್ಷಣ ಬೂಟ್ ಆಗುವ ಜೋಡಿ. ಹಳೆಯ ಡಿಸ್ಕನ್ನು ದೊಡ್ಡದಕ್ಕೆ ಬದಲಿಸುವಾಗ ಅದು ಚೆನ್ನ. ಬ್ಯಾಕಪ್‌ಗೆ ಅದನ್ನೇ ಬಳಸಿದರೆ ಪ್ರತಿ ಬಾರಿಯೂ ಹಿಂದಿನದರ ಮೇಲೆ ಹೊಸದು ಬರೆಯಲ್ಪಡುತ್ತದೆ. ಸೋಮವಾರ ವೈರಸ್ ಸೇರಿ ಮಂಗಳವಾರ ಕ್ಲೋನ್ ಮಾಡಿದರೆ ನಿಮ್ಮ ಬಳಿ ವೈರಸ್ಸಿನದೇ ಎರಡು ಪ್ರತಿ. ಇಮೇಜ್ ಕಡತವಾದ್ದರಿಂದ ಒಂದೇ ಹಾರ್ಡ್‌ಡಿಸ್ಕಿನಲ್ಲಿ ಹಲವು ದಿನಗಳದ್ದನ್ನು ಇಡಬಹುದು. ನಿಮಗೆ ಬೇಕಾದದ್ದು ಇಮೇಜ್.

ಈಗ ಆ ಪೆನ್‌ಡ್ರೈವ್. ತಂತ್ರಾಂಶವನ್ನು ಹಾಕಿಕೊಂಡ ಕೂಡಲೇ, ಮೊದಲ ಬ್ಯಾಕಪ್‌ಗೂ ಮುಂಚೆ, ರೆಸ್ಕ್ಯೂ ಮೀಡಿಯಾ ಅಥವಾ ರಿಕವರಿ ಮೀಡಿಯಾ ಎಂದಿರುವ ಕಡೆ ಹೋಗಿ ಒಂದು ಖಾಲಿ ಪೆನ್‌ಡ್ರೈವ್ ಮಾಡಿಸಿಕೊಳ್ಳಿ. ಯಾವ ಯಂತ್ರವನ್ನು ಉಳಿಸಬೇಕೋ ಅದೇ ಯಂತ್ರದಲ್ಲಿ ಮಾಡಿಸಿ. ಇದಕ್ಕೆ ಕಾರಣವಿದೆ. ಇಂಟೆಲ್‌ನ 11ನೇ ಪೀಳಿಗೆಯಿಂದೀಚಿನ ಹಲವು ಲ್ಯಾಪ್‌ಟಾಪುಗಳಲ್ಲಿ ವಿಎಂಡಿ ಎಂಬ ವ್ಯವಸ್ಥೆ ಚಾಲೂ ಇದ್ದು, ಎನ್‌ವಿಎಂಇ ಡಿಸ್ಕ್ ಅದರ ಹಿಂದೆ ಅಡಗಿರುತ್ತದೆ. ಅದರ ಡ್ರೈವರ್ ಇಲ್ಲದ ಪೆನ್‌ಡ್ರೈವಿನಿಂದ ಬೂಟ್ ಮಾಡಿದರೆ ಎಲ್ಲವೂ ಸರಿಯಾಗಿ ತೆರೆದುಕೊಳ್ಳುತ್ತದೆ, ಡಿಸ್ಕ್ ಮಾತ್ರ ಪಟ್ಟಿಯಲ್ಲಿ ಇರುವುದೇ ಇಲ್ಲ. ಹೊಸ ಎಸ್‌ಎಸ್‌ಡಿಯೇ ಕೆಟ್ಟಿದೆ ಎಂದು ಅಂಗಡಿಗೆ ಹಿಂದಿರುಗಿಸಿ ಬಂದವರನ್ನು ನಾನು ಕಂಡಿದ್ದೇನೆ. ವೀಮ್‌ನಲ್ಲಿ ಈ ಕಂಪ್ಯೂಟರಿನ ಡ್ರೈವರುಗಳನ್ನು ಸೇರಿಸು ಎಂಬ ಆಯ್ಕೆ ಇದೆ, ಅದು ಗುರುತಾಗಿದೆಯೇ ನೋಡಿಕೊಳ್ಳಿ. ಮ್ಯಾಕ್ರಿಯಮ್ ಕೂಡ ನಿಮ್ಮ ಯಂತ್ರದಲ್ಲಿರುವ ಡ್ರೈವರುಗಳನ್ನು ಹುಡುಕಿ ಸೇರಿಸುತ್ತದೆ.

ಪೆನ್‌ಡ್ರೈವ್ ಆದ ಮೇಲೆ ಅದರಿಂದ ಬೂಟ್ ಮಾಡಿ ನೋಡಿ. ಬೂಟ್ ಪಟ್ಟಿ ತೆರೆಯಲು ಡೆಲ್ ಮತ್ತು ಲೆನೊವೊ ಯಂತ್ರಗಳಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9, ಅಸುಸ್ ಲ್ಯಾಪ್‌ಟಾಪುಗಳಲ್ಲಿ ಎಸ್ಕೇಪ್. ಪಟ್ಟಿಯಲ್ಲಿ ಒಂದೇ ಪೆನ್‌ಡ್ರೈವ್ ಎರಡು ಸಲ ಕಂಡರೆ ಯುಇಎಫ್‌ಐ ಎಂದು ಮುಂದೆ ಬರೆದಿರುವುದನ್ನೇ ಆರಿಸಿ. ಯುಇಎಫ್‌ಐಗೂ ಹಿಂದಿನ, ಹಳೆಯ ಬಯಾಸ್ ರೀತಿಯಲ್ಲಿ ಬೂಟ್ ಮಾಡಿ ಇಳಿಸಿದ ವಿಂಡೋಸ್ ಆಮೇಲೆ ಎದ್ದೇಳದೆ ಮುನಿಸಿಕೊಳ್ಳಬಹುದು. ಒಳಗೆ ಹೋದ ಮೇಲೆ ನೋಡಬೇಕಾದದ್ದು ಇಷ್ಟು: ಒಳಗಿನ ಎಸ್‌ಎಸ್‌ಡಿ ಕಾಣುತ್ತಿದೆಯೇ, ಯುಎಸ್‌ಬಿ ಹಾರ್ಡ್‌ಡಿಸ್ಕ್ ಕಾಣುತ್ತಿದೆಯೇ, ಅದರಲ್ಲಿರುವ ಇಮೇಜನ್ನು ತೆರೆದು ಒಳಗಿನ ಪಾರ್ಟಿಶನ್‌ಗಳನ್ನು ತೋರಿಸುತ್ತಿದೆಯೇ, ಮೌಸ್ ಮತ್ತು ಕೀಲಿಮಣೆ ಓಡುತ್ತಿವೆಯೇ. ಕೊನೆಯದು ನಗೆಪಾಟಲು ಎನಿಸಬಹುದು. ಕೆಲವು ಹೊಸ ಲ್ಯಾಪ್‌ಟಾಪುಗಳ ಟಚ್‌ಪ್ಯಾಡ್ ಈ ಪರಿಸರದಲ್ಲಿ ಅಲುಗುವುದಿಲ್ಲ, ಒಂದು ಸಾದಾ ವಯರಿನ ಮೌಸ್ ಬೇಕಾಗುತ್ತದೆ. ಏನನ್ನೂ ಇಳಿಸದೆ ಹೊರಗೆ ಬನ್ನಿ. ಈ ಕಾಲು ಗಂಟೆಯ ತಪಾಸಣೆಯಲ್ಲಿ ಪಾಸಾಗದ ತಂತ್ರಾಂಶವನ್ನು ಅಲ್ಲಿಗೇ ತೆಗೆದುಹಾಕಿ, ಮುಂದಿನದನ್ನು ಹಾಕಿ.

ಇಲ್ಲೊಂದು ಗೇಟು ಅಡ್ಡ ಬರುತ್ತದೆ, ಡಿಸ್ಕಿನ ಡೇಟಾವನ್ನು ಗುಪ್ತಲಿಪಿಯಲ್ಲಿ ಬೀಗ ಹಾಕಿಡುವ ಬಿಟ್‌ಲಾಕರ್. ವಿಂಡೋಸ್ 11ರ ಹೋಮ್ ಆವೃತ್ತಿಯಲ್ಲೂ ಡಿವೈಸ್ ಎನ್‌ಕ್ರಿಪ್ಶನ್ ಎಂಬ ಹೆಸರಿನಲ್ಲಿ ಇದು ಇರುತ್ತದೆ. 24ಎಚ್2 ಆವೃತ್ತಿಯನ್ನು ಹೊಸದಾಗಿ ಸ್ಥಾಪಿಸಿದ ಯಂತ್ರಗಳಲ್ಲಂತೂ ಬಹಳಷ್ಟು ಸಲ ನಿಮ್ಮನ್ನು ಕೇಳದೆಯೇ ಚಾಲೂ ಆಗಿರುತ್ತದೆ. ನಿಮ್ಮ ಡಿಸ್ಕನ್ನು ಕಳೆದ ವರ್ಷ ಬದಲಿಸಿ ವಿಂಡೋಸ್ ಹೊಸದಾಗಿ ಹಾಕಿದ್ದರಿಂದ ನಿಮ್ಮದೂ ಬೀಗ ಹಾಕಿಕೊಂಡಿರುವ ಸಂಭವವಿದೆ. ಅದರ 48 ಅಂಕಿಗಳ ರಿಕವರಿ ಕೀ ಸಾಮಾನ್ಯವಾಗಿ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿರುತ್ತದೆ. ಆ ಖಾತೆಯನ್ನು ತೆರೆದುಕೊಟ್ಟದ್ದು ರಿಪೇರಿಯವನಾಗಿದ್ದು, ಪಾಸ್‌ವರ್ಡ್ ಅವನಿಗೇ ಮರೆತುಹೋಗಿರುವ ಪ್ರಸಂಗಗಳು ಮುಂಬಯಿಯಲ್ಲಿ ಅಪರೂಪವೇನಲ್ಲ. ಇವತ್ತೇ ಖಾತೆಗೆ ಹೋಗಿ ಕೀಯನ್ನು ಕಾಗದದ ಮೇಲೆ ಮುದ್ರಿಸಿ, ಮನೆಯಲ್ಲಿಡಿ. ಬಯಾಸ್ ಬದಲಾವಣೆ, ಮದರ್‌ಬೋರ್ಡ್ ರಿಪೇರಿ, ಕೆಲವೊಮ್ಮೆ ಬೂಟ್ ಕ್ರಮವನ್ನು ಬದಲಿಸುವುದು ಕೂಡ ಆ ಕೀಯನ್ನು ಕೇಳಿಸಬಹುದು.

ಬಿಟ್‌ಲಾಕರ್‌ಗೂ ಇಮೇಜಿಗೂ ಇರುವ ಸಂಬಂಧ ಬಹಳ ಮಂದಿಗೆ ಗೊತ್ತಿರುವುದಿಲ್ಲ. ವಿಂಡೋಸ್ ಓಡುತ್ತಿರುವಾಗ ಅದರೊಳಗಿನಿಂದ ಇಮೇಜ್ ತೆಗೆದರೆ, ಆ ಹೊತ್ತಿಗೆ ಬೀಗ ತೆರೆದೇ ಇರುವುದರಿಂದ ಇಮೇಜಿಗೆ ಹೋಗುವುದು ಬೀಗವಿಲ್ಲದ ಡೇಟಾ. ಅದರಿಂದ ಅನುಕೂಲವಿದೆ: ಗಾತ್ರ ಚಿಕ್ಕದಾಗುತ್ತದೆ, ಇಳಿಸುವಾಗ ಕೀ ಬೇಡ. ಅನನುಕೂಲವೂ ಅಷ್ಟೇ ಇದೆ: ನಿಮ್ಮ ಗ್ರಾಹಕರ ಪ್ಯಾನ್, ಬ್ಯಾಂಕ್ ವಿವರ, ಸಂಬಳದ ಪಟ್ಟಿ ಇರುವ ಆ ಹಾರ್ಡ್‌ಡಿಸ್ಕನ್ನು ಲೋಕಲ್ ಗಾಡಿಯಲ್ಲಿ ಬಿಟ್ಟಿಳಿದರೆ ಸಿಕ್ಕಿದವನು ಎಲ್ಲವನ್ನೂ ಓದಬಹುದು. ಆದ್ದರಿಂದ ತಂತ್ರಾಂಶದಲ್ಲೇ ಬ್ಯಾಕಪ್‌ಗೆ ಪಾಸ್‌ವರ್ಡ್ ಹಾಕಿ, ಅದನ್ನೂ ರಿಕವರಿ ಕೀ ಇರುವ ಕಾಗದದಲ್ಲೇ ಬರೆದಿಡಿ. ಈ ಪಾಸ್‌ವರ್ಡ್ ಮರೆತರೆ ಇಮೇಜ್ ಇದ್ದೂ ಇಲ್ಲದಂತೆ. ಮರಳಿ ಇಳಿಸಿದ ಡಿಸ್ಕಿಗೆ ಬಿಟ್‌ಲಾಕರ್ ಇರುವುದಿಲ್ಲ, ಹೊಸದಾಗಿ ಚಾಲೂ ಮಾಡಬೇಕು. ಕ್ಲೋನ್‌ಜಿಲ್ಲಾದ ಕತೆ ಬೇರೆ. ಅದು ವಿಂಡೋಸ್‌ನ ಹೊರಗಿನಿಂದ ಓದುವುದರಿಂದ ಬೀಗ ಹಾಕಿದ ಪಾರ್ಟಿಶನ್‌ನಲ್ಲಿ ಎಷ್ಟು ತುಂಬಿದೆ, ಎಷ್ಟು ಖಾಲಿ ಎಂಬುದು ಅದಕ್ಕೆ ತಿಳಿಯದು. ಇಡೀ 512 ಜಿಬಿಯನ್ನು ಬಿಟ್ಟೂಬಿಡದೆ ನಕಲು ಮಾಡುತ್ತಾ ಕೂರುತ್ತದೆ.

ಈಗ ಒಂದೊಂದರ ಬಗ್ಗೆ ನನ್ನ ಅಭಿಪ್ರಾಯ. ಮುಂಬಯಿಯ ಕಂಪ್ಯೂಟರ್ ಪೇಟೆಯಾದ ಲ್ಯಾಮಿಂಗ್ಟನ್ ರಸ್ತೆಯ ಹಳೆಯ ರಿಪೇರಿಯವರು ಈಗಲೂ ಇಮೇಜ್ ತೆಗೆಯುವುದಕ್ಕೆ ಘೋಸ್ಟ್ ಮಾಡುವುದು ಎನ್ನುತ್ತಾರೆ. ನ್ಯೂಜಿಲೆಂಡ್‌ನಲ್ಲಿ ಹುಟ್ಟಿ, 1998ರಲ್ಲಿ ಸಿಮ್ಯಾಂಟೆಕ್ ಕೊಂಡ ಘೋಸ್ಟ್ ತನ್ನ ಕಾಲದಲ್ಲಿ ರಾಜನಾಗಿತ್ತು. ಮನೆಬಳಕೆಯ ನಾರ್ಟನ್ ಘೋಸ್ಟ್‌ನ ಮಾರಾಟ 2013ರಲ್ಲೇ ನಿಂತಿದೆ. ಯಾರಾದರೂ ನಿಮಗೆ ಘೋಸ್ಟ್ ಸಿಡಿ ಕೊಡಲು ಬಂದರೆ ಕೈಮುಗಿದು ಕಳಿಸಿ.

ಮ್ಯಾಕ್ರಿಯಮ್ ರಿಫ್ಲೆಕ್ಟ್‌ನ ಉಚಿತ ಆವೃತ್ತಿ ಬಹಳ ವರ್ಷ ಎಲ್ಲರ ಬಾಯಲ್ಲಿತ್ತು, ನಿಮಗೆ ಹೇಳಿದವರು ಅದನ್ನೇ ನೆನೆಸಿಕೊಂಡಿರಬೇಕು. ಅದನ್ನು ಕಂಪನಿ ನಿಲ್ಲಿಸಿದೆ. 2024ರ ಆರಂಭದಿಂದ ಅದಕ್ಕೆ ಭದ್ರತಾ ತಿದ್ದುಪಡಿಗಳೂ ಬರುತ್ತಿಲ್ಲ. ಹಳೆಯ ಉಚಿತ ಪ್ರತಿಯನ್ನು ಎಲ್ಲಿಂದಲೋ ಇಳಿಸಿಕೊಳ್ಳುವ ಸಾಹಸ ಬೇಡ. ಈಗಿರುವುದು ರಿಫ್ಲೆಕ್ಟ್ ಎಕ್ಸ್, ವಾರ್ಷಿಕ ಚಂದಾ. ರೆಸ್ಕ್ಯೂ ಪೆನ್‌ಡ್ರೈವಿನ ವಿಚಾರದಲ್ಲಿ ನಾನು ಕಂಡವುಗಳಲ್ಲಿ ಇದೇ ಅತ್ಯುತ್ತಮ. ರಿಡಿಪ್ಲಾಯ್ ಎಂಬ ಸೌಲಭ್ಯದಿಂದ ಬೇರೆ ಮಾದರಿಯ ಯಂತ್ರಕ್ಕೂ ವಿಂಡೋಸ್ ಇಳಿಸಿ ಬೂಟ್ ಆಗುವಂತೆ ಸರಿಪಡಿಸುತ್ತದೆ. ಇಮೇಜ್ ಗಾರ್ಡಿಯನ್ ಎಂಬುದು ಬ್ಯಾಕಪ್ ಕಡತಗಳನ್ನು ಬೇರೆ ಯಾವ ಪ್ರೋಗ್ರಾಮೂ ಮುಟ್ಟದಂತೆ ಕಾಯುತ್ತದೆ. ಗ್ರಾಹಕರು ಬೆಳೆದು ಯಂತ್ರಗಳು ನಾಲ್ಕೈದಾದ ದಿನ ಇದಕ್ಕೆ ಹಣ ಕಟ್ಟಿದರೆ ದಂಡವಾಗದು.

ವೀಮ್ ದೊಡ್ಡ ಕಚೇರಿಗಳ ಸರ್ವರ್ ಬ್ಯಾಕಪ್‌ನಲ್ಲಿ ಹೆಸರು ಮಾಡಿದ ಕಂಪನಿ. ಅದರ ಉಚಿತ ಏಜೆಂಟ್‌ನಲ್ಲಿ ಮೊದಲಿಗೊಂದು ಪೂರ್ಣ ಇಮೇಜ್, ಆಮೇಲೆ ಬದಲಾದದ್ದಷ್ಟೇ ಸೇರುತ್ತಾ ಹೋಗುತ್ತದೆ. ನೀವು ಹೇಳಿದಷ್ಟು ದಿನಗಳದ್ದನ್ನು ಇಟ್ಟುಕೊಂಡು ತೀರಾ ಹಳೆಯದನ್ನು ಪೂರ್ಣ ಇಮೇಜಿನೊಳಗೆ ಬೆರೆಸಿಬಿಡುತ್ತದೆ, ಡಿಸ್ಕ್ ತುಂಬುವ ಚಿಂತೆಯಿಲ್ಲ. ನನಗೆ ಇಷ್ಟವಾದ ಎರಡು ಸಣ್ಣ ಗುಣಗಳಿವೆ: ಹಾರ್ಡ್‌ಡಿಸ್ಕ್ ಚುಚ್ಚಿದ ಕೂಡಲೇ ಬ್ಯಾಕಪ್ ತಾನಾಗಿ ಶುರುವಾಗುವಂತೆ ಇಡಬಹುದು, ಮುಗಿದ ಕೂಡಲೇ ಡಿಸ್ಕನ್ನು ವಿಂಡೋಸ್‌ನಿಂದ ಬೇರ್ಪಡಿಸುವಂತೆಯೂ ಇಡಬಹುದು. ದಿನವಿಡೀ ಚುಚ್ಚಿಕೊಂಡೇ ಇರುವ ಬ್ಯಾಕಪ್ ಡಿಸ್ಕನ್ನು, ಕಡತಗಳಿಗೆ ಬೀಗ ಜಡಿದು ಹಣ ಕೇಳುವ ರಾನ್ಸಮ್‌ವೇರ್ ಮೊದಲು ತಿನ್ನುತ್ತದೆ. ಉಚಿತದಲ್ಲಿ ಒಂದು ಯಂತ್ರಕ್ಕೆ ಒಂದೇ ಬ್ಯಾಕಪ್ ಕಾರ್ಯ ಎಂಬ ಮಿತಿ ಇದೆ. ನಿಮಗೆ ಅದು ಅಡ್ಡಿಯಲ್ಲ.

ಹ್ಯಾಸ್ಲಿಯೋ ನೋಡಲು ಸರಳ, ಇಮೇಜ್ ಮತ್ತು ಕ್ಲೋನ್ ಎರಡೂ ಉಚಿತದಲ್ಲೇ ಇವೆ. ಇದೇ ಮಾತನ್ನು ಈಸಿಯುಎಸ್, ಎಒಎಂಇಐಗಳ ಉಚಿತ ಆವೃತ್ತಿಗಳ ಬಗ್ಗೆ ಹೇಳಲಾರೆ. ಅವು ಕೆಟ್ಟವಲ್ಲ, ಆದರೆ ಬೇಕಾದ ಗುಂಡಿಯನ್ನು ಒತ್ತುವ ಹೊತ್ತಿಗೆ ಹಣ ಕಟ್ಟಿ ಎಂಬ ಫಲಕ ಎದ್ದು ನಿಲ್ಲುವುದು ನನಗೆ ಸರಿಬೀಳುವುದಿಲ್ಲ. ಯಾವ ಉಚಿತ ತಂತ್ರಾಂಶವಾದರೂ ಕಚೇರಿ ಬಳಕೆಗೆ ಅನುಮತಿ ಇದೆಯೇ ಎಂದು ಷರತ್ತುಗಳನ್ನು ಒಮ್ಮೆ ಓದಿ. ನೀವು ತೆರಿಗೆಯವರು, ಷರತ್ತು ಓದುವುದು ನಿಮಗೆ ಹೊಸದಲ್ಲ.

ಅಕ್ರೊನಿಸ್ ಟ್ರೂ ಇಮೇಜ್ ಹಳೆಯ, ಸಮರ್ಥ ತಂತ್ರಾಂಶ. ಈಗ ಚಂದಾ ರೂಪದಲ್ಲಿದೆ, ಆಂಟಿವೈರಸ್ ಮೊದಲಾದುವನ್ನೂ ಸೇರಿಸಿಕೊಂಡು ಮೈ ಬೆಳೆಸಿಕೊಂಡಿದೆ. ನಿಮ್ಮ ಎಸ್‌ಎಸ್‌ಡಿ ಅಥವಾ ಹಾರ್ಡ್‌ಡಿಸ್ಕ್ ವೆಸ್ಟರ್ನ್ ಡಿಜಿಟಲ್‌ನದ್ದಾಗಿದ್ದರೆ ಅದರದೇ ಒಂದು ಕಿರಿಯ ಆವೃತ್ತಿ ಆ ಕಂಪನಿಯಿಂದ ಉಚಿತವಾಗಿ ಸಿಗುತ್ತದೆ. ಸ್ಯಾಮ್‌ಸಂಗ್‌ನವರ ಸಾಧನ ಸ್ಯಾಮ್‌ಸಂಗ್ ಎಸ್‌ಎಸ್‌ಡಿಗೆ ಕ್ಲೋನ್ ಮಾಡಲಷ್ಟೇ ಉಪಯೋಗ.

ಕ್ಲೋನ್‌ಜಿಲ್ಲಾ ತೈವಾನ್‌ನಿಂದ ಬಂದ ಮುಕ್ತ ತಂತ್ರಾಂಶ. ಲಿನಕ್ಸ್ ಪೆನ್‌ಡ್ರೈವಿನಿಂದ ಬೂಟ್ ಆಗಿ ಕೆಲಸ ಮಾಡುತ್ತದೆ, ಯಾವ ಕಂಪನಿ ಮುಚ್ಚಿದರೂ ನಾಳೆಯೂ ಸಿಗುತ್ತದೆ. ಅದರ ನೀಲಿ ಅಕ್ಷರಪರದೆ ಹೆದರಿಸಿದರೆ ರೆಸ್ಕ್ಯೂಜಿಲ್ಲಾ ಇದೆ, ಅವೇ ಇಮೇಜುಗಳನ್ನು ಮೌಸ್ ಹಿಡಿದು ಇಳಿಸಬಹುದು. ಆದರೆ ಪ್ರತಿ ಸಲವೂ ಯಂತ್ರವನ್ನು ನಿಲ್ಲಿಸಬೇಕು, ಪ್ರತಿ ಸಲವೂ ಪೂರ್ಣ ಇಮೇಜ್, ವಿಂಡೋಸ್ ಬೇಗ ತೆರೆಯುವಂತೆ ಮಾಡುವ ಫಾಸ್ಟ್ ಸ್ಟಾರ್ಟಪ್ ಎಂಬುದನ್ನು ಮೊದಲೇ ಆಫ್ ಮಾಡಿರಬೇಕು. ಶನಿವಾರ ಸಂಜೆ ಗಾಳಾ ಮುಚ್ಚುವ ಆತುರದಲ್ಲಿ ಇದನ್ನೆಲ್ಲ ಯಾರೂ ಮಾಡುವುದಿಲ್ಲ. ವರ್ಷಾಂತ್ಯದಲ್ಲಿ, ಮಾರ್ಚ್ 31ರ ಲೆಕ್ಕ ಮುಗಿದ ಮೇಲೆ, ಎರಡನೆಯ ಸಾಧನದಿಂದ ಒಂದು ಸ್ವತಂತ್ರ ಇಮೇಜ್ ಇರಲಿ ಎಂದಾದರೆ ಬಳಸಿ. ಅಂದ ಹಾಗೆ ಮಾರ್ಚ್ 31 ವಿಶ್ವ ಬ್ಯಾಕಪ್ ದಿನವೂ ಹೌದು. ನಮ್ಮ ದೇಶದ ಲೆಕ್ಕಿಗರಿಗೆ ಆ ದಿನ ಬ್ಯಾಕಪ್‌ಗೆ ಪುರುಸೊತ್ತು ಸಿಕ್ಕೀತು ಎಂದು ಅದನ್ನು ಗೊತ್ತುಮಾಡಿದವರು ಹೇಗೆ ಭಾವಿಸಿದರೋ.

ಇನ್ನು ನಿಜವಾದ ಪರೀಕ್ಷೆ. ಇಮೇಜ್ ತಪಾಸಣೆ ಮಾಡುವ ಸೌಲಭ್ಯ ಹೆಚ್ಚಿನವುಗಳಲ್ಲಿ ಇದೆ. ಅದು ಹೇಳುವುದು ಕಡತ ಹಾಳಾಗಿಲ್ಲ ಎಂದಷ್ಟೇ, ಅದರಿಂದ ವಿಂಡೋಸ್ ಏಳುತ್ತದೆ ಎಂದಲ್ಲ. ಏಳುತ್ತದೆಯೇ ಎಂದು ತಿಳಿಯಲು ಒಂದು ಖಾಲಿ ಎಸ್‌ಎಸ್‌ಡಿಗೆ ಇಳಿಸಿಯೇ ನೋಡಬೇಕು. ಖರ್ಚು ಯಾಕೆ ಎನ್ನಬೇಡಿ, ಆ ಎಸ್‌ಎಸ್‌ಡಿ ಮುಂದೆ ನಿಮ್ಮ ಬಿಡಿ ಡಿಸ್ಕ್ ಆಗಿ ಕಪಾಟಿನಲ್ಲಿರುತ್ತದೆ. ಕೊಳ್ಳುವಾಗ ಗಾತ್ರ ನೋಡಿ: ಅಂಗಡಿಯವರು 480, 500, 512 ಎಲ್ಲವೂ ಒಂದೇ ಎನ್ನುತ್ತಾರೆ. ಒಂದೇ ಅಲ್ಲ. 512 ಜಿಬಿಯ ಇಮೇಜನ್ನು 480ಕ್ಕೆ ಇಳಿಸಬೇಕಾದರೆ ಸಿ ಪಾರ್ಟಿಶನ್ ಕುಗ್ಗಿಸಬೇಕು, ಕ್ಲೋನ್‌ಜಿಲ್ಲಾ ತನ್ನ ಸಾಮಾನ್ಯ ಕ್ರಮದಲ್ಲಿ ಅದನ್ನು ಒಪ್ಪುವುದೇ ಇಲ್ಲ. 512 ಅಥವಾ ಅದಕ್ಕಿಂತ ದೊಡ್ಡದನ್ನೇ ತನ್ನಿ.

ಲ್ಯಾಪ್‌ಟಾಪ್ ಬಿಚ್ಚಲು ಕೈ ನಡುಗಿದರೆ ರಿಪೇರಿಯವರನ್ನು ಕರೆಸಿ, ಆದರೆ ಪಕ್ಕದಲ್ಲೇ ಕೂತು ನೋಡಿ. ಈಗಿನ ಎಸ್‌ಎಸ್‌ಡಿಯನ್ನು ಹೊರತೆಗೆದು ಲಕೋಟೆಯಲ್ಲಿಡಿ. ಖಾಲಿ ಎಸ್‌ಎಸ್‌ಡಿ ಕೂರಿಸಿ, ಪೆನ್‌ಡ್ರೈವಿನಿಂದ ಬೂಟ್ ಮಾಡಿ, ಇಮೇಜ್ ಇಳಿಸಿ. ಮೂಲ ಡಿಸ್ಕ್ ಹೊರಗಿರಬೇಕು ಎಂಬುದಕ್ಕೆ ಎರಡು ಕಾರಣ. ಡಿಸ್ಕ್ ಆರಿಸುವಾಗ ಬೆರಳು ತಪ್ಪಿದರೆ ಒಳ್ಳೆಯದರ ಮೇಲೆಯೇ ಬರೆದೀತು. ಜತೆಗೆ ಎರಡೂ ಡಿಸ್ಕುಗಳಿಗೆ ಒಂದೇ ಗುರುತುಸಂಖ್ಯೆ ಇರುವುದರಿಂದ ವಿಂಡೋಸ್ ಗೊಂದಲಕ್ಕೆ ಬಿದ್ದು ಒಂದನ್ನು ಬದಿಗೆ ಸರಿಸುತ್ತದೆ, ನೀವು ಯಾವುದರಿಂದ ಬೂಟ್ ಆಗಿದ್ದೀರಿ ಎಂಬುದೇ ತಿಳಿಯದು. ಸಮಯದ ಲೆಕ್ಕ ಹೀಗೆ: 180 ಜಿಬಿಯ ಇಮೇಜ್ ಒತ್ತಿದ ಮೇಲೆ 100 ಜಿಬಿ ಆಯಿತೆಂದುಕೊಳ್ಳಿ. ಯುಎಸ್‌ಬಿ 3 ಹಾರ್ಡ್‌ಡಿಸ್ಕ್ ಸೆಕೆಂಡಿಗೆ 100 ಎಂಬಿ ಓದಿದರೆ ಹದಿನೇಳು ನಿಮಿಷ. ಅದೇ ಡಿಸ್ಕನ್ನು ಹಳೆಯ ಯುಎಸ್‌ಬಿ 2 ಕಿಂಡಿಗೆ ಚುಚ್ಚಿದರೆ ಮುಕ್ಕಾಲು ಗಂಟೆ ಮೀರುತ್ತದೆ. ಇಳಿಸುವಾಗ ಕರೆಂಟು ಹೋಗದಂತೆ ಲ್ಯಾಪ್‌ಟಾಪಿನ ಬ್ಯಾಟರಿ ತುಂಬಿರಲಿ, ಡೊಂಬಿವಲಿಯ ಜುಲೈ ತಿಂಗಳು ನಿಮಗೆ ಗೊತ್ತೇ ಇದೆ.

ಎದ್ದು ನಿಂತ ಮೇಲೆ ಡೆಸ್ಕ್‌ಟಾಪ್ ಕಂಡಿತೆಂದು ತೃಪ್ತರಾಗಬೇಡಿ. ಟ್ಯಾಲಿ ತೆರೆದು ಒಂದು ಬಿಲ್ ಮುದ್ರಿಸಿ. ಟೋಕನ್ ಚುಚ್ಚಿ ಸಹಿ ಆಗುತ್ತದೆಯೇ ನೋಡಿ. ನುಡಿಯಲ್ಲಿ ಒಂದು ಸಾಲು ಟೈಪ್ ಮಾಡಿ. ಡ್ರೈವರ್ ಇಮೇಜಿನಲ್ಲಿ ಬರುತ್ತದೆ, ಆದರೆ ಸಹಿಯ ಗುಪ್ತ ಕೀಲಿ ಟೋಕನ್ನಿನ ಒಳಗೇ ಇರುತ್ತದೆ, ಅದು ಯಾವ ಬ್ಯಾಕಪ್‌ಗೂ ಬರುವುದಿಲ್ಲ. ಟೋಕನ್ ಕಳೆದರೆ ಹೊಸ ಪ್ರಮಾಣಪತ್ರವೇ ಗತಿ. ಟ್ಯಾಲಿಯ ಪರವಾನಗಿ ಯಂತ್ರಕ್ಕೆ ಕಟ್ಟಿಕೊಂಡಿರುವಂಥದ್ದು, ಮರುಸಕ್ರಿಯಗೊಳಿಸುವಂತೆ ಕೇಳಿದರೆ ಗಾಬರಿಯಾಗಬೇಡಿ, ಅದರ ಕ್ರಮಸಂಖ್ಯೆಯೂ ನೋಂದಾಯಿತ ಇಮೇಲ್ ವಿಳಾಸವೂ ರಿಕವರಿ ಕೀ ಇರುವ ಆ ಕಾಗದದಲ್ಲಿರಲಿ. ಎಲ್ಲ ಸರಿಯಾದ ಮೇಲೆ ಹಳೆಯ ಎಸ್‌ಎಸ್‌ಡಿಯನ್ನು ಮತ್ತೆ ಕೂರಿಸಿ, ಹೊಸದನ್ನು ಕಪಾಟಿಗೆ ಸೇರಿಸಿ. ಆರು ತಿಂಗಳಿಗೊಮ್ಮೆ, ಅಥವಾ ವಿಂಡೋಸ್‌ನ ದೊಡ್ಡ ನವೀಕರಣ ಬಂದ ಮೇಲೆ, ಪೆನ್‌ಡ್ರೈವನ್ನು ಹೊಸದಾಗಿ ಮಾಡಿಸಿ ಇದನ್ನೇ ಮತ್ತೊಮ್ಮೆ ಮಾಡಿ.

ಬ್ಯಾಕಪ್ ಇಡುವುದಕ್ಕೆ ಎಸ್‌ಎಸ್‌ಡಿ ಬೇಡ, 1 ಅಥವಾ 2 ಟಿಬಿಯ ಸಾದಾ ಯುಎಸ್‌ಬಿ ಹಾರ್ಡ್‌ಡಿಸ್ಕ್ ಸಾಕು. ಬೆಲೆ ಕಡಿಮೆ, ವಿದ್ಯುತ್ ಇಲ್ಲದೆ ಬಹುಕಾಲ ಕಪಾಟಿನಲ್ಲಿದ್ದರೂ ಡೇಟಾ ಹಿಡಿದಿಡುವುದರಲ್ಲಿ ಎಸ್‌ಎಸ್‌ಡಿಗಿಂತ ಮೇಲು. ಅಂಥವು ಎರಡಿರಲಿ. ಒಂದು ಕಚೇರಿಯಲ್ಲಿ, ಒಂದು ಠಾಕುರ್ಲಿಯ ಮನೆಯಲ್ಲಿ, ವಾರಕ್ಕೊಮ್ಮೆ ಅದಲುಬದಲು. ನಿಮ್ಮದು ನೆಲಮಹಡಿಯ ಗಾಳಾ ಎಂದದ್ದಕ್ಕೆ ಇದನ್ನು ಒತ್ತಿ ಹೇಳುತ್ತಿದ್ದೇನೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದಾಗ, ಉಲ್ಹಾಸ್ ನದಿ ಉಕ್ಕಿದಾಗ, ಕಂಪ್ಯೂಟರೂ ಅದರ ಪಕ್ಕದ ಡ್ರಾಯರಿನಲ್ಲಿದ್ದ ಬ್ಯಾಕಪ್ಪೂ ಒಟ್ಟಿಗೇ ನೀರಿಗೆ ಹೋದ ಕಚೇರಿಗಳು ಎಷ್ಟೋ. ಮಳೆಗಾಲದ ತೇವಕ್ಕೆ ಡಿಸ್ಕನ್ನು ಗಟ್ಟಿ ಮುಚ್ಚಳದ ಡಬ್ಬಿಯಲ್ಲಿ, ಸಿಲಿಕಾ ಜೆಲ್ ಪುಡಿಕೆಯ ಜತೆಗಿಡಿ.

ಇಮೇಜ್ ಇದೆಯೆಂದು ಟ್ಯಾಲಿಯ ಡೇಟಾದ ಪ್ರತ್ಯೇಕ ಬ್ಯಾಕಪ್ ನಿಲ್ಲಿಸಬೇಡಿ. ಇಮೇಜ್ ಯಂತ್ರವನ್ನು ಬೇಗ ಎಬ್ಬಿಸುವುದಕ್ಕೆ. ಡೇಟಾ ದಿನದಿನವೂ ಬೇರೆಯೇ ಹೋಗಬೇಕು. ಜಿಎಸ್‌ಟಿ ಕಾಯ್ದೆಯಂತೆ ಲೆಕ್ಕಪತ್ರಗಳನ್ನು ವಾರ್ಷಿಕ ರಿಟರ್ನ್ ಸಲ್ಲಿಸಬೇಕಾದ ದಿನದಿಂದ 72 ತಿಂಗಳು ಕಾಪಾಡಬೇಕು ಎಂಬುದನ್ನು ನಿಮಗೆ ನಾನು ಹೇಳಬೇಕಿಲ್ಲ. ಆರು ವರ್ಷದ ಹಿಂದಿನ ಇಮೇಜನ್ನು ಅಂದಿನ ಯಂತ್ರವಿಲ್ಲದೆ ಎಬ್ಬಿಸುವುದು ಕಷ್ಟ. ಆದರೆ ಟ್ಯಾಲಿಯದೇ ಬ್ಯಾಕಪ್ ಕಡತವನ್ನು ಟ್ಯಾಲಿ ಇರುವ ಬೇರೆ ಯಂತ್ರದಲ್ಲೂ ತೆರೆಯಬಹುದು, ಅದರ ಪಿಡಿಎಫ್ ವರದಿಗಳು ಎಲ್ಲಿ ಬೇಕಾದರೂ ತೆರೆಯುತ್ತವೆ.

ಉಳಿದದ್ದು ಸಹಾಯಕನ ಹಳೆಯ ಡೆಸ್ಕ್‌ಟಾಪ್. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಯಂತ್ರದಲ್ಲಿ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಇದ್ದು, ಪ್ರೊಸೆಸರ್ ಇಂಟೆಲ್‌ನ 8ನೇ ಪೀಳಿಗೆ ಅಥವಾ ಅದಕ್ಕೂ ಹೊಸದಾಗಿದ್ದರೆ ವಿಂಡೋಸ್ 11ಕ್ಕೆ ಏರಿಸಬಹುದು. ಏರಿಸುವ ಮುನ್ನ ಅದರದೂ ಒಂದು ಪೂರ್ಣ ಇಮೇಜ್, ಅದರದೇ ರೆಸ್ಕ್ಯೂ ಪೆನ್‌ಡ್ರೈವ್. ಹಿಂದಿರುಗುವ ದಾರಿ ವಿಂಡೋಸ್‌ನಲ್ಲೇ ಇದೆ ಎಂದು ನಂಬಿಕೊಂಡರೆ ಅದಕ್ಕೆ ಸಿಗುವುದು ಹತ್ತೇ ದಿನ. ಆ ಡಿಸ್ಕಿನ ಪಾರ್ಟಿಶನ್ ಪಟ್ಟಿ ಹಳೆಯ ಎಂಬಿಆರ್ ರೀತಿಯದ್ದಾಗಿದ್ದರೆ, ಏರಿಸುವಾಗ ಎಂಬಿಆರ್2ಜಿಪಿಟಿ ಎಂಬ ಸಾಧನದಿಂದ ಜಿಪಿಟಿ ಎಂಬ ಹೊಸ ರೀತಿಗೆ ಬದಲಿಸಿ ಬಯಾಸ್‌ನಲ್ಲಿ ಯುಇಎಫ್‌ಐಗೆ ಹೊರಳಬೇಕಾಗುತ್ತದೆ. ಆಮೇಲೆ ಯಾವ ಕಾರಣಕ್ಕಾದರೂ ವಿಂಡೋಸ್ 10ರ ಇಮೇಜನ್ನು ಮರಳಿ ಇಳಿಸಿದರೆ ಡಿಸ್ಕ್ ಮತ್ತೆ ಎಂಬಿಆರ್ ಆಗುತ್ತದೆ, ಬಯಾಸ್‌ನ ಸೆಟ್ಟಿಂಗನ್ನೂ ಹಳೆಯ ಲೆಗಸಿ ರೀತಿಗೆ ಹಿಂದಿರುಗಿಸದಿದ್ದರೆ ಅದು ಬೂಟ್ ಆಗುವುದಿಲ್ಲ. ಆ ಪೆನ್‌ಡ್ರೈವಿನ ಮೇಲೆ ಇದನ್ನು ಒಂದು ಚೀಟಿಯಲ್ಲಿ ಬರೆದು ಅಂಟಿಸಿಡಲು ಸಹಾಯಕನಿಗೆ ಹೇಳಿ.